ನುಂಗಿದ ಮೇಲೆ

ಹತ್ತರವರೆಗೆ ಎಣಿಸುವುದು ಸೊಲೆನ್‌ಗೆ ಈಗ ಚಟವೇ ಆಗಿಬಿಟ್ಟಿತ್ತು. ಬೆಳಿಗ್ಗೆ ಕಾಫಿ ಕುಡಿದರೂ ಎಣಿಸುತ್ತಿದ್ದಳು, ಬ್ರೆಡ್ಡಿನ ತುಂಡು ನುಂಗಿದರೂ ಎಣಿಸುತ್ತಿದ್ದಳು. ಹತ್ತಾದ ಮೇಲೆ ನಾಲಿಗೆಯನ್ನು ಅಂಗುಳಿಗೆ ಒತ್ತಿ, ಕಳೆದುಹೋದ ಬೀಗದ ಕೈ ಹುಡುಕುವವಳ ಹಾಗೆ ಬಾಯಿಯೊಳಗೆಲ್ಲ ತಡಕಾಡುತ್ತಿದ್ದಳು. ಏನೂ ಸಿಗುತ್ತಿರಲಿಲ್ಲ. ಕಾಫಿ ಕಾಫಿಯಾಗಿತ್ತು, ಬ್ರೆಡ್ಡು ಬ್ರೆಡ್ಡಾಗಿತ್ತು. ಫೆಬ್ರವರಿಯ ಕೊನೆಯ ವಾರ. ತಾತ ನೆಟ್ಟ ತೋಟದ ಮೇಲಿನ ತುಂಡಿನಲ್ಲಿ, ಹಳೆಯ ದ್ರಾಕ್ಷಿ ಬಳ್ಳಿಗಳ ನಡುವೆ ಕತ್ತರಿ ಹಿಡಿದು ನಿಂತಿದ್ದಳು. ಒಂದೊಂದು ಬಳ್ಳಿಗೆ ಎರಡು ಕಡ್ಡಿ ಉಳಿಸಿ ಮಿಕ್ಕಿದ್ದನ್ನು ತೆಗೆಯಬೇಕು. ಯಾವುದು ಉಳಿಯಬೇಕೆಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಿರುತ್ತದೆ. ಇವತ್ತು ಕೈಗೂ ಗೊತ್ತಾಗಲಿಲ್ಲ. ಉಳಿಸಬೇಕಾದ ಕಡ್ಡಿಯನ್ನೇ ಕಚಕ್ಕನೆ ಕತ್ತರಿಸಿದಳು. ಆಮೇಲೆ ಅದನ್ನು ಬುಡಕ್ಕೆ ಹಿಡಿದು ನೋಡಿದಳು, ಮತ್ತೆ ಅಂಟಿಸಬಹುದೇನೋ ಎಂಬಂತೆ. ಕೆಳಗೆ ಲ್ವಾರ್ ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ವೈನ್ ಕೊಳ್ಳಲು ಪ್ಯಾರಿಸ್ಸಿನಿಂದ ಮದಾಂ ದೆಲ್ಪೋರ್ತ್ ಮೂರು ಗಂಟೆಗೆ ಬರುತ್ತಾರೆ. ಈಗ ಹತ್ತೂವರೆ.

ಆಂಜೆ ಪಟ್ಟಣದ ವೈನ್ ಮೇಳದಲ್ಲಿ, ಹದಿನೈದು ದಿನದ ಹಿಂದೆ, ಉದ್ದದ ಮೇಜಿನ ಹಿಂದೆ ನಿಂತು ಅವಳು ಬಂದವರಿಗೆಲ್ಲ ವೈನ್ ಸುರಿದುಕೊಟ್ಟಿದ್ದಳು. ಬಂದವರು ಮೂಸಿ ನೋಡುತ್ತಿದ್ದರು, ಮುಖ ಅರಳುತ್ತಿತ್ತು. ಬಾಯಿಗೆ ಹಾಕಿಕೊಳ್ಳುತ್ತಿದ್ದರು, ತಲೆದೂಗುತ್ತಿದ್ದರು. ನುಂಗುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಸ್ವಲ್ಪ ಹೊತ್ತಿಗೆ ಅವರ ಮುಖದಲ್ಲಿ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಬ್ಬರಲ್ಲ ಇಬ್ಬರಲ್ಲ. "ಬೇರೆ ಥರ ಇದೆ," ಎನ್ನುತ್ತಿದ್ದರು, "ತುಂಬಾ ಬೇರೆ ಥರ," ಎಂದು ಲೋಟವನ್ನು ಮೆಲ್ಲಗೆ ಇಟ್ಟು ಪಕ್ಕದ ಮೇಜಿಗೆ ಸರಿಯುತ್ತಿದ್ದರು. ಅವಳು ನಗುತ್ತಲೇ ಇದ್ದಳು. ಸಂಜೆ ನಾಲ್ಕಕ್ಕೆ, ಗಡ್ಡದ ಇಬ್ಬರು ಹುಡುಗರು ಕುಡಿದು ನಾಲ್ಕು ಹೆಜ್ಜೆ ಹೋಗಿ ನಿಂತಾಗ ಅವರ ಮಾತು ಕಿವಿಗೆ ಬಿತ್ತು. "ಇಲಿ ಕಣೋ." "ಪೂರ್ತಿ ಇಲಿ. ಪಾಪ, ಅವಳಿಗೆ ಯಾರಾದ್ರೂ ಹೇಳಬಾರ್ದಾ?" "ನೀನೇ ಹೇಳು ಹೋಗು." "ನಾನ್ಯಾಕೆ ಹೇಳ್ಲಿ, ನಾನೇನು ಅವಳಪ್ಪನಾ?" ಇಬ್ಬರೂ ನಕ್ಕರು. ಕೆಟ್ಟ ನಗುವೇನೂ ಅಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟದ್ದು.

ಇಲಿ ಎಂದರೇನೆಂದು ಅವಳಿಗೆ ಗೊತ್ತಿತ್ತು. ಕೆಡದಂತೆ ಕಾಯುವ ಗಂಧಕ ಹಾಕದೆ ವೈನ್ ಮಾಡುವವರೆಲ್ಲ ಹೆದರುವ ರೋಗ ಅದು. ಮೂಗಿಗೆ ಸಿಗುವುದಿಲ್ಲ, ಬಾಯಿಗೆ ಹಾಕಿದಾಗಲೂ ಸಿಗುವುದಿಲ್ಲ. ನುಂಗಿ, ಉಳಿದ ತೇವ ಎಂಜಲಿನ ಜೊತೆ ಬೆರೆತ ಮೇಲೆ ಗಂಟಲಿನಿಂದ ಮೇಲೆದ್ದು ಬರುತ್ತದೆ. ಇಲಿಯ ಗೂಡಿನ ವಾಸನೆ, ಹಳಸಿದ ಬ್ರೆಡ್ಡಿನ ಸಿಪ್ಪೆಯ ವಾಸನೆ. ಪುಸ್ತಕದಲ್ಲಿ ಓದಿದ್ದಳು, ಬೇರೆಯವರು ಹೇಳಿದ್ದನ್ನು ಕೇಳಿದ್ದಳು. ಕೆಲವರ ಎಂಜಲಿಗೆ ಅದು ಸಿಗುವುದೇ ಇಲ್ಲ, ಹತ್ತರಲ್ಲಿ ಮೂರು ಬಾಯಿ ಹಾಗಿರುತ್ತವೆ ಎಂಬುದನ್ನೂ ಕೇಳಿದ್ದಳು. ಕೇಳಿ, ಅಯ್ಯೋ ಪಾಪ ಎಂದುಕೊಂಡಿದ್ದಳು, ಆ ಮೂವರ ಬಗ್ಗೆ. ಆಂಜೆಯಿಂದ ವಾಪಸು ಬಂದ ದಿನ ವೈನ್ ಇಡುವ ಗವಿಗೆ ಹೋಗಿ ನಾಲ್ಕನೆಯ ಪೀಪಾಯಿಯ ಬಿರಡೆ ತೆಗೆದು, ಗಾಜಿನ ಕೊಳವೆಯಿಂದ ವೈನ್ ಎಳೆದು, ಕುಡಿದು, ನಿಂತಲ್ಲೇ ಹತ್ತು ಎಣಿಸಿದಳು. ಸೇಬಿನ ಸಿಪ್ಪೆ, ಜೇನುಮೇಣ, ಒದ್ದೆ ಸುಣ್ಣಗಲ್ಲು. ಎಷ್ಟು ಚೆನ್ನಾಗಿತ್ತು! ಚೆನ್ನಾಗಿದ್ದದ್ದಕ್ಕೇ ಅಳು ಬಂತು.

ಮೊನ್ನೆ ಸಂತೆಯಲ್ಲಿ ಮೇಕೆ ಹಾಲಿನ ಚೀಸ್ ಮಾರುವ ಹೆಂಗಸು, "ಏನಮ್ಮಾ, ನಿನ್ನ ವೈನ್ ಪ್ಯಾರಿಸ್ಸಿಗೆ ಹೋಗುತ್ತಂತೆ?" ಎಂದು ಕೇಳಿದಾಗ ಸೊಲೆನ್ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಇದು ಏಳರ ಬಾಯೋ ಮೂರರ ಬಾಯೋ ಎಂದು. ದಾರಿಯಲ್ಲಿ ಎದುರಾದವರನ್ನೆಲ್ಲ ಹೀಗೆ ವಿಂಗಡಿಸುತ್ತಿದ್ದಳು. ಅದಕ್ಕಿಂತ ಹೆಚ್ಚು ಕೊರೆಯುತ್ತಿದ್ದದ್ದು ಬೇರೆ. ಇಲಿಗೆ ಗಾಳಿ ಬೇಕು. ಪೀಪಾಯಿಯನ್ನು ಕಂಠಮಟ್ಟ ತುಂಬಿ ಬಿರಡೆ ಬಿಗಿದು ಬಿಟ್ಟಿದ್ದರೆ ಗಾಳಿ ಎಲ್ಲಿಂದ ಬರಬೇಕು? ಅವಳೇ ತೆಗೆದಿದ್ದಳು. ನವೆಂಬರಿನಿಂದ ಯಾರು ಗವಿಗೆ ಬಂದರೂ, ಗೆಳತಿಯರು, ಗೆಳತಿಯರ ಗೆಳೆಯರು, ದಾರಿ ತಪ್ಪಿ ಬಂದ ಸೈಕಲ್ಲಿನವರು, ಎಲ್ಲರಿಗೂ "ತಾಳಿ, ನಾಲ್ಕನೆಯದನ್ನು ನೋಡಿ" ಎಂದು ಬಿರಡೆ ಎಳೆದಿದ್ದಳು. ಅವರ ಮುಖ ಅರಳುವುದನ್ನು ನೋಡುವ ಆಸೆ. ಒಂದೊಂದು ಹೊಗಳಿಕೆಯ ಜೊತೆ ಒಂದೊಂದು ಉಸಿರು ಗಾಳಿ ಒಳಗೆ ಹೋಗಿತ್ತು. ಈಗ ಯೋಚಿಸಿದರೆ, ಬೇರೆ ಮೂರು ಪೀಪಾಯಿಗಳನ್ನೂ ಅವಳು ಅಷ್ಟೇನೂ ಸುಮ್ಮನೆ ಬಿಟ್ಟಿರಲಿಲ್ಲ.

ಮೂರು ಕೊಯ್ಲು ಎಂದಿದ್ದ ಅಪ್ಪ, ಪೀಪಾಯಿಗಳಲ್ಲಿ ಈಗಿರುವುದು ಮೂರನೆಯದು. ತೋಟ ಅವನ ಹೆಸರಿನಲ್ಲಿತ್ತು. ಮೂವತ್ತು ವರ್ಷ ಅವನು ಹಣ್ಣನ್ನು ಸಹಕಾರಿ ಸಂಘದ ಲಾರಿಗೆ ತುಂಬಿ ಕಳಿಸಿದವನು. ಗವಿಗೆ ಬೀಗ ಹಾಕಿದವನು. ಬಳ್ಳಿಗಳ ಬುಡದಲ್ಲಿ ಒಂದು ಎಸಳು ಹುಲ್ಲು ಕಂಡರೂ ಔಷಧಿ ಹೊಡೆದವನು. "ಮೂರು ಕೊಯ್ಲು ನಿಂದು. ಮೂರನೇದೂ ಯಾರಿಗೂ ಬೇಡ ಅಂದ್ರೆ, ಹಣ್ಣು ಮತ್ತೆ ಸಹಕಾರಿಗೆ. ಜಗಳ ಇಲ್ಲ." ಜಗಳ ಇಲ್ಲ ಎಂದದ್ದಕ್ಕೇ ಅವಳು ಜಗಳ ತೆಗೆದಿದ್ದಳು. ಆ ಮಾರನೆಯ ಬೆಳಿಗ್ಗೆ ಗವಿಯ ಬೀಗ ಒಡೆಸಿ, ಅಪ್ಪನ ಗಂಧಕದ ಚೀಲಗಳನ್ನು ಒಂದೊಂದಾಗಿ ಎಳೆದು ರಸ್ತೆ ಬದಿಗೆ ಸಾಲಾಗಿ ನಿಲ್ಲಿಸಿ, 'ಬೇಕಾದವರು ಒಯ್ಯಬಹುದು' ಎಂದು ರಟ್ಟಿನ ಮೇಲೆ ಬರೆದಿಟ್ಟಳು. ಪಕ್ಕದ ತೋಟದ ಫಿರ್ಮ್ಯಾಂ ಟ್ರ್ಯಾಕ್ಟರ್ ತಂದು, ಸಿಳ್ಳೆ ಹಾಕಿಕೊಂಡು ಅಷ್ಟನ್ನೂ ಒಯ್ದ. ಅಪ್ಪ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟಲಿತ್ತು. ಬಟ್ಟಲನ್ನು ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ. ಅಂದಿನಿಂದ ಗವಿಯ ಹೊಸ್ತಿಲು ತುಳಿದಿರಲಿಲ್ಲ.

ಆದರೆ ರುಚಿ ಹಿಡಿಯುವ ಬಾಯಿ ಎಂದರೆ ಅಪ್ಪನದೇ. ಅವಳು ಆರೇಳು ವರ್ಷದವಳಿದ್ದಾಗ, ಊಟದ ಮೇಜಿನ ಬಳಿ, ಯಾರದೋ ತೋಟದ ವೈನ್‌ನಲ್ಲಿ ಕಿರುಬೆರಳು ಅದ್ದಿ ಅವಳ ನಾಲಿಗೆಯ ಮೇಲೆ ಒಂದು ಹನಿ ಬಿಡುತ್ತಿದ್ದ. "ಏನು ಬಂತು ಹೇಳು ಮರಿ?" "ಸೇಬು." "ಸರಿ. ಇನ್ನೂ ಸ್ವಲ್ಪ ತಡಿ. ಈಗ?" ಅವಳು ಕಾಯುತ್ತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದ, ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಪ್ರಾರ್ಥನೆ ಹೇಳಿಕೊಳ್ಳುವವನ ಹಾಗೆ. "ಈಗ ಏನಾದ್ರೂ ಬಂತಾ?" ಅವನ ಕಣ್ಣಿನ ಆಸೆಯನ್ನು ನೋಡಲಾರದೆ ಏನಾದರೊಂದು ಹೇಳುತ್ತಿದ್ದಳು. "ಬೆಣ್ಣೆ." "ಬೆಣ್ಣೆಯಾ?" "ಹೂಂ, ಬೆಣ್ಣೆ." ಅಪ್ಪ ಉಸಿರುಬಿಟ್ಟು ಅವಳ ತಲೆ ಸವರುತ್ತಿದ್ದ. ಬಾಯಿ ಎನ್ನುವುದನ್ನು ಅವಳು ಕಲಿತದ್ದು ಹಾಗೆ. ಈಗ ಆ ಬಾಯನ್ನೇ ಹೋಗಿ ಕೇಳಬೇಕು. ಮೂರು ವರ್ಷದ ಮೇಲೆ, ಮೂರು ಗಂಟೆಗೆ ಮುಂಚೆ. ಕತ್ತರಿಯನ್ನು ಜೇಬಿಗೆ ಹಾಕಿದಳು.

ಅಪ್ಪ ಈ ಹೊತ್ತಿನಲ್ಲಿ ಚೆಂಡಾಟದ ಕ್ಲಬ್ಬಿನಲ್ಲಿರುತ್ತಾನೆ. ಉದ್ದದ, ತೊಟ್ಟಿಲಿನಂತೆ ಅಂಚು ಮೇಲೆದ್ದ ಅಂಕಣ. ಒಂದು ಕಡೆ ಭಾರವಾದ ಚೆಂಡು ಅದರ ಮೇಲೆ ಹಾವಿನ ಹಾಗೆ ಹರಿದು ಹೋಗಬೇಕು. ನೆಲದ ನುಣುಪು ಕೆಡಬಾರದೆಂದು ಮೆತ್ತನೆಯ ಬಟ್ಟೆ ಚಪ್ಪಲಿ ಹಾಕದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಸೊಲೆನ್ ಬಾಗಿಲಲ್ಲಿ ನಿಂತು ಬೂಟು ಬಿಚ್ಚಿದಳು. ಕಾಲುಚೀಲದ ಹೆಬ್ಬೆರಳಿನ ಕಡೆ ತೂತಿತ್ತು. ಗೂಡಿನಲ್ಲಿ ಉಳಿದಿದ್ದದ್ದು ಒಂದೇ ಜೊತೆ, ಎರಡು ಕಾಲೂ ಒಂದರಲ್ಲೇ ಹಿಡಿಸುವಷ್ಟು ದೊಡ್ಡದು. ಅದನ್ನು ಸಿಕ್ಕಿಸಿಕೊಂಡು ಬಾತುಕೋಳಿಯ ಹಾಗೆ ಒಳಗೆ ಬಂದಳು. ಫಿರ್ಮ್ಯಾಂ ಚೆಂಡು ಹಿಡಿದು ಬಗ್ಗಿದ್ದವನು ಹಾಗೆಯೇ ತಲೆ ಎತ್ತಿದ.

"ಓಹೋ, ಹುಲ್ಲುಗಾವಲಿನ ಒಡತಿ ಬಂದ್ಲು! ಏನ್ ಸೊಲೆನ್, ನನ್ನ ನಾಯಿ ಮೊನ್ನೆ ನಿನ್ನ ತೋಟದೊಳಗೆ ಹೋಯ್ತು ನೋಡು, ಹುಲ್ಲಲ್ಲಿ ದಾರಿ ಸಿಗದೆ ಇನ್ನೂ ಮನೆಗೆ ಬಂದಿಲ್ಲ."

"ಅದು ನಿಮ್ಮ ಮನೆ ಅಡಿಗೆಗೆ ಹೆದ್ರಿ ಓಡಿ ಬಂದಿರೋದು. ನನ್ನ ಹತ್ರ ಚೆನ್ನಾಗಿದೆ."

ಎಲ್ಲರೂ ನಕ್ಕರು. ಫಿರ್ಮ್ಯಾಂ ಕೂಡ. ಗೋಡೆಯ ಮೇಲೆ ಚಿಕ್ಕ ಕೆಂಪು ಪರದೆಯ ಹಿಂದೆ ಫ್ಯಾನಿ ಎಂಬ ಹೆಂಗಸಿನ ಚಿತ್ರವಿತ್ತು. ಈ ಆಟದ ಹಳೆಯ ಪದ್ಧತಿಯಂತೆ, ಒಂದು ಅಂಕವೂ ಇಲ್ಲದೆ ಸೋತವನು ಮಂಡಿಯೂರಿ ಆಕೆಯ ಬೆತ್ತಲೆ ಕುಂಡಿಗೆ ಮುತ್ತು ಕೊಡಬೇಕು. "ಸೋತ್ರೆ ಗೊತ್ತಲ್ಲ?" ಎಂದು ಫಿರ್ಮ್ಯಾಂ ಪರದೆಯ ಕಡೆ ಕಣ್ಣು ಹೊಡೆದ. "ನಿನ್ನ ಪ್ಯಾರಿಸ್ಸಿನವರು ಇವತ್ತೇ ಬರೋದಂತೆ?" ಊರಿಗೆಲ್ಲ ಗೊತ್ತಿತ್ತು. ಅಪ್ಪ ಅಂಕಣದ ತುದಿಯಲ್ಲಿ ಅಗಲದ ಕಸಬರಿಕೆ ಹಿಡಿದು ನಿಂತಿದ್ದ. ಅಪ್ಪನ ಹೆಸರು, ಗಿಲೆನ್, ಎಂದರೆ ಆ ಊರಿನಲ್ಲಿ ಅಂಕಣ ಗುಡಿಸುವ ಶಿಸ್ತಿಗೇ ಇನ್ನೊಂದು ಹೆಸರು. ಅವಳು ಹತ್ತಿರ ಹೋಗಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಪಪ್ಪಾ, ನಾಲ್ಕನೆಯ ಪೀಪಾಯಿ ಒಂದ್ಸಲ ಕುಡಿದು ನೋಡ್ತೀಯಾ?" ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಿವಿ ಬಿಸಿಯಾಯಿತು. ಯಾಕೆ ಎಂದು ಕೇಳುತ್ತಾನೆ, ಈಗ ನಾನು ಬೇಕಾದೆನಾ ಎನ್ನುತ್ತಾನೆ, ಎಲ್ಲರಿಗೂ ಕೇಳುವಂತೆ ಅನ್ನುತ್ತಾನೆ. ಅಪ್ಪ ಕಸಬರಿಕೆಯನ್ನು ಗೋಡೆಗೆ ಒರಗಿಸಿದ. "ನಡಿ," ಎಂದ. ಬಟ್ಟೆ ಚಪ್ಪಲಿ ಬದಲಿಸುವುದನ್ನೂ ಮರೆತು ಕೆಸರಿಗೆ ಕಾಲಿಟ್ಟ.

ಗವಿಯೊಳಗೆ ವರ್ಷವಿಡೀ ಒಂದೇ ತಂಪು. ಅಪ್ಪ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಗೋಡೆಯ ಸುಣ್ಣಗಲ್ಲನ್ನು ಅಂಗೈಯಿಂದ ಒತ್ತಿ ನೋಡಿ, ಒಳಗೆ ಬಂದ. ಅವಳು ಬಿರಡೆ ತೆಗೆದು ವೈನ್ ಎಳೆದು ಲೋಟಕ್ಕೆ ಬಿಟ್ಟುಕೊಟ್ಟಳು. ಅವನು ಮೂಸಿದ. ಬಾಯಿಗೆ ಹಾಕಿಕೊಂಡ. ನುಂಗಿದ. ಅವಳು ಎಣಿಸತೊಡಗಿದಳು. ಐದು, ಆರು. ಅಪ್ಪನ ಮುಖದಲ್ಲಿ ಏನೂ ಇಲ್ಲ. ಎಂಟು, ಒಂಬತ್ತು. ಬಾಗಿಲು ಮುಚ್ಚಲಿಲ್ಲ. ಹತ್ತು. ಇಲ್ಲ, ಇಲಿ ಇಲ್ಲ, ಆ ಗಡ್ಡದವರಿಗೆ ತಲೆ ಕೆಟ್ಟಿತ್ತು, ಆಂಜೆಯ ಮೇಳದ ಲೋಟಗಳನ್ನೇ ಸರಿಯಾಗಿ ತೊಳೆದಿರಲಿಲ್ಲ. ಅಷ್ಟರಲ್ಲಿ ಅಪ್ಪ ಲೋಟದ ಕೊನೆಯ ಹನಿಯನ್ನು ಎಡಗೈಯ ಮಣಿಕಟ್ಟಿನ ಮೇಲೆ ಸುರಿದುಕೊಂಡು, ಬಲಗೈಯ ಹೆಬ್ಬೆರಳಿನಿಂದ ತಿಕ್ಕಿ, ಒಣಗುವವರೆಗೆ ಕಾದು, ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ.

"ಇದೆ," ಎಂದ.

"ಏನಿದೆ?"

"ಇಲಿ ಇದೆ ಮರಿ."

"ಕೈಗೆ ಯಾಕೆ ಹಚ್ಚಿಕೊಂಡೆ? ಬಾಯಲ್ಲಿ ಗೊತ್ತಾಗಲಿಲ್ವಾ?"

ಅಪ್ಪ ಮಣಿಕಟ್ಟನ್ನು ಕೋಟಿಗೆ ಒರೆಸಿಕೊಂಡ. "ನಂಗೆ ಬರೀ ಬಾಯಲ್ಲಿ ಯಾವತ್ತೂ ಗೊತ್ತಾಗಿಲ್ಲ."

ಆಮೇಲೆ ಹೇಳಿದ, ಹೇಳುವಾಗ ಪೀಪಾಯಿಯ ಕಡೆಗೇ ನೋಡುತ್ತಿದ್ದ. ತಾತ ಸತ್ತ ಮೇಲಿನ ಮೊದಲ ಕೊಯ್ಲು, ಅವನೇ ಮಾಡಿದ ಮೊದಲ ವೈನ್. ಸೋಮ್ಯೂರಿನ ಹೋಟೆಲಿನವನೊಬ್ಬ ಅಷ್ಟನ್ನೂ ತೆಗೆದುಕೊಂಡು, ತಿಂಗಳೊಳಗೆ ಅಷ್ಟನ್ನೂ ವಾಪಸು ಕಳಿಸಿದ. ಹೋಟೆಲಿನ ಅಂಗಳದಲ್ಲಿ, ಗಿರಾಕಿಗಳ ಮುಂದೆ, "ನಿನ್ನ ಪೀಪಾಯಿಯಲ್ಲಿ ಇಲಿ ಸತ್ತಿದೆಯೇನಯ್ಯಾ?" ಎಂದು ಕೇಳಿದ. "ನಂಗೆ ಇಪ್ಪತ್ನಾಲ್ಕು ವರ್ಷ. ಅವನು ಹೇಳಿದ್ದು ನಿಜ ಅಂದ್ಕೊಂಡೆ. ಮನೆಗೆ ಬಂದು ಮೂರು ಪೀಪಾಯಿ ಪೂರ್ತಿ ಖಾಲಿ ಮಾಡ್ದೆ. ಮುಚ್ಚಳ ಬಿಚ್ಚಿ, ಒಳಗೆ ತಲೆ ಹಾಕಿ, ದೀಪ ಹಿಡಿದು ಹುಡುಕ್ದೆ."

"ಇತ್ತಾ?"

"ಇಲ್ಲ. ಇಲಿ ಇರ್ಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು," ಎಂದ. "ನಿಮ್ಮಮ್ಮನ ಬಾಯಿ ಒಳ್ಳೇದಿತ್ತು. ಒಂದೇ ಗುಟುಕಿಗೆ ಹೇಳ್ತಿದ್ಲು. ಅವಳು ನಾಂತ್‌ಗೆ ಹೊರಟುಹೋದ ಮೇಲೆ ಕೇಳೋಕೆ ಯಾರೂ ಇರ್ಲಿಲ್ಲ. ನಿಂಗೆ ಅವಳದ್ದು ಬಂದಿರುತ್ತೆ ಅಂದ್ಕೊಂಡಿದ್ದೆ."

ಕಿರುಬೆರಳು, ನಾಲಿಗೆಯ ಮೇಲಿನ ಹನಿ, ಇನ್ನೂ ಸ್ವಲ್ಪ ತಡಿ, ಈಗ? ಅವನು ಕಲಿಸುತ್ತಿರಲಿಲ್ಲ. ಕೇಳುತ್ತಿದ್ದ. ಆರು ವರ್ಷದ ಹುಡುಗಿಯ ಬಾಯನ್ನು ಎರವಲು ಕೇಳುತ್ತಿದ್ದ, ಅವಳು ಬೆಣ್ಣೆ ಎಂದು ಸುಳ್ಳು ಹೇಳುತ್ತಿದ್ದಳು, ಆ ಸುಳ್ಳನ್ನು ಹಿಡಿದುಕೊಂಡು ಅವನು ಇಷ್ಟು ವರ್ಷ ಬಂದಿದ್ದ. ರಸ್ತೆ ಬದಿಯ ಗಂಧಕದ ಚೀಲಗಳು ನೆನಪಾದವು. ಚೀಲಗಟ್ಟಲೆ ಗಂಧಕ, ನಾಲಿಗೆಯನ್ನು ನಂಬಲಾರದವನು ಮಾಡಿಕೊಂಡ ಕಾವಲು. ಆಮೇಲೆ ಅದೂ ಸಾಲದೆ ಹಣ್ಣನ್ನೇ ಲಾರಿಗೆ ತುಂಬಿದ, ಚೀಲಗಳನ್ನು ಗವಿಯಲ್ಲಿಟ್ಟು ಬೀಗ ಹಾಕಿದ. ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು.

"ಇಷ್ಟು ವರ್ಷದಲ್ಲಿ ಒಂದ್ಸಲ ಹೇಳೋಕಾಗ್ಲಿಲ್ವಾ ನಿಂಗೆ? ಮೂರು ವರ್ಷದ ಹಿಂದೆ? ನಾನು ಬೀಗ ಒಡೆಸಿದ ದಿನ? ಆ ಕಿಟಕಿಯಲ್ಲಿ ಬಟ್ಟಲು ಒರೆಸ್ತಾ ನಿಂತಿದ್ಯಲ್ಲ!"

"ಹೇಳಬಹುದಿತ್ತು."

"ಅಷ್ಟೇನಾ?"

"ಇನ್ನೇನ್ ಹೇಳ್ಲಿ ಮರಿ. ಹೇಳಬಹುದಿತ್ತು, ಹೇಳ್ಲಿಲ್ಲ." ಕೋಟಿನ ಜೇಬಿನಿಂದ ಒಂದು ಚಪ್ಪಟೆ ತಗಡಿನ ಡಬ್ಬಿ ತೆಗೆದ. ಕೆಮ್ಮಿನ ಗುಳಿಗೆಯದು ಎಂದು ಅವಳು ಇಷ್ಟು ವರ್ಷ ತಿಳಿದಿದ್ದ ಡಬ್ಬಿ. ಒಳಗೆ ಬಿಳಿ ಪುಡಿ. "ಅಡಿಗೆ ಸೋಡಾ. ಎಷ್ಟೋ ವರ್ಷ ಆದ್ಮೇಲೆ ಔಷಧಿ ಅಂಗಡಿಯವನು ಹೇಳಿಕೊಟ್ಟಿದ್ದು, ಬಾಯಿಯ ಹುಳಿ ಹೋದ್ರೆ ಇಲಿ ಹೊರಗೆ ಬರುತ್ತೆ ಅಂತ. ಯಾರ ಮನೆಗೆ ಊಟಕ್ಕೆ ಹೋದ್ರೂ ಜೇಬಲ್ಲಿ ಇಟ್ಕೊಂಡೇ ಹೋಗ್ತೀನಿ. ನೀರಿಗೆ ಒಂದು ಚಿಟಿಕೆ ಹಾಕು, ಬಾಯಿ ಮುಕ್ಕಳಿಸು, ಆಮೇಲೆ ಕುಡಿ."

ಅವಳು ಮುಕ್ಕಳಿಸಿದಳು. ಬಾಯಿ ಸಾಬೂನಿನ ಹಾಗೆ ಜಾರಿತು. ವೈನ್ ಕುಡಿದಳು. ಮೂರನ್ನು ಎಣಿಸುವ ಮೊದಲೇ ಅದು ಬಂತು. ಗಂಟಲಿನ ಹಿಂದಿನಿಂದ, ಕತ್ತಲಿನ ಬಿಲದಿಂದ ಬಂದ ಹಾಗೆ, ಒದ್ದೆ ಹುಲ್ಲು, ಪಂಜರದ ಅಡಿಯ ಕಾಗದ, ಮುಗ್ಗಿದ ಬ್ರೆಡ್ಡು, ಉಚ್ಚೆ. ಅವಳು ಪೀಪಾಯಿಯನ್ನು ಹಿಡಿದುಕೊಂಡಳು. ಇದನ್ನೇ ಆಂಜೆಯಲ್ಲಿ ನಗುನಗುತ್ತ ಸುರಿದುಕೊಟ್ಟದ್ದು. ಇದನ್ನೇ ಸೈಕಲ್ಲಿನವರಿಗೆ, ಗೆಳತಿಯರಿಗೆ. ಒಬ್ಬರಾದರೂ ಉಗುಳಬಾರದಿತ್ತೇ?

ಮೂರು ಗಂಟೆಗೆ ಸರಿಯಾಗಿ ಮದಾಂ ದೆಲ್ಪೋರ್ತ್ ಬಂದರು. ಅರವತ್ತರ ಮೇಲಿನ ಗಟ್ಟಿ ಹೆಂಗಸು, ಕತ್ತಿಗೆ ಹಳದಿ ಶಾಲು, ಬಾಯ್ತುಂಬ ಮಾತು. "ಅಬ್ಬಾ, ಏನ್ ದಾರಿ ರೀ ನಿಮ್ಮೂರಿಂದು! ನಮ್ಮ ಜೊತೆ ರುಚಿ ನೋಡೋ ಹುಡುಗಿಗೆ ಜ್ವರ, ಒಬ್ಳೇ ಬಂದೆ. ಪರ್ವಾಗಿಲ್ಲ, ನಲವತ್ತು ವರ್ಷದ ಮೂಗು ನಂದು, ಇವತ್ತಿನವರೆಗೂ ಕೈಕೊಟ್ಟಿಲ್ಲ. ಇವ್ರು ನಿಮ್ಮ ತಂದೆಯವರಾ? ನಮಸ್ಕಾರ ಸ್ವಾಮಿ. ಚಪ್ಪಲಿ ಚೆನ್ನಾಗಿದೆ." ಅಪ್ಪ ಕೆಸರಾದ ಬಟ್ಟೆ ಚಪ್ಪಲಿಯನ್ನು ಒಂದರ ಹಿಂದೆ ಒಂದು ಮರೆಮಾಡಲು ನೋಡಿದ. ಸೊಲೆನ್ ಹೇಳಬೇಕೆಂದುಕೊಂಡಳು. ಮಾತು ಹುಡುಕುತ್ತಿರುವಾಗಲೇ ಕೈ ಬಿರಡೆ ತೆಗೆದು ಸುರಿದುಕೊಟ್ಟಿತ್ತು. ಮದಾಂ ಮೂಸಿದರು. ಕುಡಿದರು. ನುಂಗಿದರು.

ಒಂದು. ಎರಡು. ಮದಾಂ ಛಾವಣಿಯ ಕಡೆ ನೋಡುತ್ತಿದ್ದರು. ಐದು. ಆರು. ಸೊಲೆನ್ ಆ ಮುಖದ ಬಾಗಿಲು ಮುಚ್ಚುವುದನ್ನು ಕಾಯುತ್ತಿದ್ದಳು. ಒಂಬತ್ತು, ಹತ್ತು, ಹನ್ನೊಂದು. ಮುಖ ಅರಳಿದ್ದು ಅರಳಿದ ಹಾಗೆಯೇ ಇತ್ತು.

"ಅಯ್ಯೋ, ಏನ್ರೀ ಇದು!" ಎಂದರು ಮದಾಂ. "ಜೇನು, ಕಲ್ಲು, ಆಹಾ. ನಾಲ್ಕೂ ಪೀಪಾಯಿ ಹೀಗೇನಾ? ನಾಲ್ಕೂ ನಂಗೇ ಇರ್ಲಿ, ಬೇರೆಯವರಿಗೆ ತೋರಿಸ್ಲೇಬೇಡಿ. ಇಂಥ ವೈನ್ ಮಾಡೋಕೆ ಎಂಥ ಬಾಯಿ ಇರ್ಬೇಕು! ತಂದೆಯಿಂದ ಬಂದಿದ್ದು ತಾನೇ?"

ಮೂರರಲ್ಲಿ ಇವರೂ ಒಬ್ಬರು. ಗವಿಯಲ್ಲಿ ಮೂರು ಜನ, ಮೂರೂ ಅಂಥದೇ ಬಾಯಿ. ನಗು ಬರುವಂತಾಯಿತು. ಸುಮ್ಮನಿದ್ದರೆ ಸಾಕು, ತೋಟ ಉಳಿಯುತ್ತದೆ, ಹುಲ್ಲು ಉಳಿಯುತ್ತದೆ, ಸಹಕಾರಿಯ ಲಾರಿ ಬರುವುದಿಲ್ಲ. ಅವಳೇನೂ ಸುಳ್ಳು ಹೇಳಬೇಕಾಗಿರಲಿಲ್ಲ. ಬೆಣ್ಣೆ ಎನ್ನಬೇಕಾಗಿಯೂ ಇರಲಿಲ್ಲ. ಅಪ್ಪನ ಕಡೆ ತಿರುಗಿದಳು. ಹೂಂ ಎಂದೋ ಬೇಡ ಎಂದೋ ಒಂದು ಸನ್ನೆ ಮಾಡಿದ್ದರೆ ಅವನ ಮೇಲೆ ಹಾಕಿಬಿಡಬಹುದಿತ್ತು. ಅಪ್ಪ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ, ಅಂದು ಬಟ್ಟಲು ಒರೆಸಿದ ಹಾಗೆಯೇ. ಪ್ಯಾರಿಸ್ಸಿನ ಯಾವುದೋ ಅಂಗಡಿಯಲ್ಲಿ ಈ ಹಳದಿ ಶಾಲಿನ ಹೆಂಗಸು ನಗುತ್ತ ಸುರಿದುಕೊಡುತ್ತಾಳೆ, ಜನ ನುಂಗಿ, ಬೇರೆ ಥರ ಇದೆ ಎಂದು ಲೋಟ ಮೆಲ್ಲಗಿಟ್ಟು ಸರಿಯುತ್ತಾರೆ, ಇವಳಿಗೆ ಯಾರೂ ಹೇಳುವುದಿಲ್ಲ. ಸೊಲೆನ್ ಜೇಬಿಗೆ ಕೈಹಾಕಿದಳು. ಕತ್ತರಿಯ ಪಕ್ಕದಲ್ಲಿ ಅಪ್ಪ ಕೊಟ್ಟ ಡಬ್ಬಿ ಇತ್ತು.

"ಮದಾಂ, ಒಂದ್ನಿಮಿಷ. ಇದನ್ನ ನೀರಲ್ಲಿ ಹಾಕಿ ಬಾಯಿ ಮುಕ್ಕಳಿಸಿ. ಆಮೇಲೆ ಇನ್ನೊಂದು ಗುಟುಕು ಕುಡೀರಿ."

"ಏನ್ರೀ ಇದು, ಹಲ್ಲುಪುಡಿಯಾ?" ಮದಾಂ ನಕ್ಕರು. ಆದರೂ ಮುಕ್ಕಳಿಸಿದರು, ಮೂಲೆಯ ಬಕೆಟ್ಟಿಗೆ ಉಗುಳಿದರು, ಕುಡಿದರು. ಸೊಲೆನ್ ಎಣಿಸತೊಡಗಿದಳು. ಪಕ್ಕದಲ್ಲಿ ಏನೋ ಅಲ್ಲಾಡಿದಂತಾಗಿ ನೋಡಿದರೆ ಅಪ್ಪನ ತುಟಿ. ಅವನೂ ಎರಡರಲ್ಲೇ ಇದ್ದ. ಮೂರು. ನಾಲ್ಕು. ಮದಾಂ ಕೈ ಬಾಯಿಗೆ ಹೋಯಿತು.

ಅವರು ಕಲ್ಲುಕಟ್ಟೆಯ ಮೇಲೆ ಕೂತು, ಶಾಲು ಸಡಿಲಿಸಿ, "ನಮ್ಮ ರುಚಿ ನೋಡೋ ಹುಡುಗಿ ಆಗಾಗ ಹೇಳ್ತಿದ್ಲು, ಇದು ಬೇಡ ಮದಾಂ ಅಂತ. ನಾನೇ ಬೈದು ಬಾಯಿ ಮುಚ್ಚಿಸ್ತಿದ್ದೆ," ಎಂದರು. ದನಿಯಲ್ಲಿದ್ದ ನಲವತ್ತು ವರ್ಷದ ಗತ್ತು ಒಮ್ಮೆಲೇ ಇಳಿದುಹೋಗಿತ್ತು. ಪೀಪಾಯಿಗಳ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ಕಾರಿನ ಬಾಗಿಲು ಹಿಡಿದು, ಸೊಲೆನ್‌ಳ ಮುಖ ನೋಡದೆ ಕೇಳಿದರು: "ಆ ಡಬ್ಬಿ ನಾನಿಟ್ಕೊಳ್ಲಾ?" ಸೊಲೆನ್ ಅಪ್ಪನ ಕಡೆ ನೋಡಿದಳು. ಅಪ್ಪ ಹೂಂ ಎಂದು ತಲೆಯಾಡಿಸಿದ.

ಕಾರು ಹೋದ ಮೇಲೆ ಇಬ್ಬರೂ ಗವಿಗೆ ವಾಪಸು ಬಂದರು. ಅವನು ಪುಟ್ಟ ಹೂಜಿಯಿಂದ ನಾಲ್ಕನೆಯ ಪೀಪಾಯಿಯ ಬಾಯಿಗೆ ವೈನ್ ತುಂಬಿಸತೊಡಗಿದ, ಉಕ್ಕುವಷ್ಟು. "ಕೆಲವು ಸಲ ತಾನಾಗೇ ಹೋಗುತ್ತೆ. ವರ್ಷ ಹಿಡಿಯಬಹುದು, ಎರಡು ಹಿಡಿಯಬಹುದು. ಹೋಗದೇನೂ ಇರಬಹುದು. ನೀನು ಇದನ್ನ ಮುಟ್ಟಬಾರ್ದು, ಅಷ್ಟೇ. ದೇವರೇ ಕುಡಿಯೋಕೆ ಬಂದ್ರೂ ತೆಗೀಬಾರ್ದು."

"ಮೂರನೇ ಕೊಯ್ಲು ಮುಗೀತಲ್ಲ, ಪಪ್ಪಾ."

ಅಪ್ಪ ಬಿರಡೆ ಇಟ್ಟು ಮರದ ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದ. "ಸಹಕಾರಿಯವ್ರು ನಮ್ಮ ಉತ್ತರಕ್ಕೆ ಮಾರ್ಚ್ ಕೊನೆವರೆಗೆ ಕಾಯ್ತಾರೆ," ಎಂದ. "ಬಳ್ಳಿ ಕಾಯಲ್ಲ. ಎಷ್ಟು ಸಾಲು ಆಯ್ತು?"

"ಏಳು."

"ಏಳೇನಾ?" ಎಂದು ಗೊಣಗುತ್ತ ಅವಳ ಜೇಬಿನಿಂದ ಕತ್ತರಿ ಎಳೆದುಕೊಂಡು, ಬಟ್ಟೆ ಚಪ್ಪಲಿಯಲ್ಲೇ ಮೇಲಿನ ತುಂಡಿನ ಕಡೆ ಹೊರಟ. ಸೊಲೆನ್ ಗವಿಯ ಬಾಗಿಲಲ್ಲೇ ನಿಂತಿದ್ದಳು. ಮಧ್ಯಾಹ್ನದ ಆ ಗುಟುಕು ಇನ್ನೂ ಗಂಟಲಿನ ಹಿಂದೆ ಕೂತಿತ್ತು, ಪಂಜರ, ಹುಲ್ಲು, ಮುಗ್ಗಿದ ಬ್ರೆಡ್ಡು. ಹತ್ತು ಎಣಿಸಿದಳು, ಇತ್ತು. ಇಪ್ಪತ್ತು ಎಣಿಸಿದಳು, ಇತ್ತು. ಬಾಯಿ ತೊಳೆದುಕೊಳ್ಳಲು ನೀರಿನ ಜಗ್ಗು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳು ಮುಟ್ಟಲಿಲ್ಲ.